ಜೀವಕ್ಕೆ ಗುರಿಯುಂಟೆ? ಅತ್ತಿಯ ಹಣ್ಣೂ ಉಪವಾಸದ ವ್ರತವೂ

ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವ ಶ್ರಾವಕರ ಮನೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಕೇಳಿಬರುತ್ತದೆ. ಅದನ್ನು ಎತ್ತುವವರು ವ್ರತವನ್ನು ಹಳಿಯುವವರಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರವನ್ನೋದಿದ ಮಕ್ಕಳು ತಿಳಿಯಬೇಕೆಂಬ ಆಸೆಯಿಂದಲೇ ಕೇಳುತ್ತಾರೆ: "ಉಣ್ಣುವುದು, ಬದುಕಿ ಉಳಿಯುವುದು, ಸಂತತಿಯನ್ನು ಬೆಳೆಸುವುದು, ಇವೇ ಎಲ್ಲ ಜೀವಿಗಳ ಗುರಿಯೆಂದು ಪಾಠಗಳಲ್ಲಿ ಓದುತ್ತೇವೆ. ಕೋಟ್ಯಂತರ ವರ್ಷಗಳ ಜೀವವಿಕಾಸ ನಡೆದದ್ದೂ ಆ ಗುರಿಯ ಕಡೆಗೇ. ಹಾಗಿರುವಾಗ ಹಸಿದ ಹೊಟ್ಟೆಗೆ ಅನ್ನವನ್ನು ನಿರಾಕರಿಸುವುದು ಪ್ರಕೃತಿಗೆ ವಿರುದ್ಧವಲ್ಲವೆ?" ಇದು ಧರ್ಮದ ಮಾತು, ಇಲ್ಲಿ ತರ್ಕ ಬೇಡವೆಂದು ಗದರಿಸಿದರೆ ಬಾಯಿ ಮುಚ್ಚೀತು, ಸಂದೇಹ ಮುಚ್ಚಲಾರದು. ಅನೇಕಾಂತವನ್ನು ಒಪ್ಪಿದವರಿಗೆ ಅಂಥ ಗದರಿಕೆ ಶೋಭಿಸುವುದೂ ಇಲ್ಲ. ಪ್ರಶ್ನೆಯ ಒಳಗೆ ಒಂದು ನಂಬಿಕೆ ಅಡಗಿದೆ. ಪ್ರಕೃತಿಗೆ ಒಂದು ಗುರಿಯಿದೆ ಎಂಬುದೇ ಅದು. ಮೊದಲು ಪರೀಕ್ಷಿಸತಕ್ಕದ್ದು ಆ ನಂಬಿಕೆಯನ್ನು.

ಪರೀಕ್ಷೆಗೆ ಮುನ್ನ ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಫಲ, ಪ್ರಯೋಜನ, ಉದ್ದೇಶ ಈ ಮೂರನ್ನೂ ಲೋಕವ್ಯವಹಾರದಲ್ಲಿ ಗುರಿಯೆಂಬ ಒಂದೇ ಮಾತಿನಿಂದ ಕರೆಯುವುದುಂಟು. ಒಂದು ಕ್ರಿಯೆಯಿಂದ ಕೊನೆಗೆ ಉಂಟಾದದ್ದು ಫಲ. ಒಂದು ಅಂಗದಿಂದ ಅದನ್ನು ಹೊತ್ತ ಜೀವಿಗೆ ಆಗುವ ಅನುಕೂಲ ಪ್ರಯೋಜನ. ಮುಂದೆ ಆಗಬೇಕಾದದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಅದಕ್ಕಾಗಿ ನಡೆಯುವುದು ಉದ್ದೇಶ. ಒಂದೇ ಶಬ್ದದ ಹಲವು ಅರ್ಥಗಳನ್ನು ಬಿಡಿಸಿ ತಿಳಿಯುವ ಕೆಲಸ ಹಂಪಿಯ ನೆಲಕ್ಕೆ ಹೊಸದಲ್ಲ. ವಿಜಯನಗರದ ಎರಡನೆಯ ಹರಿಹರನ ದಂಡನಾಯಕನಾಗಿದ್ದ ಇರುಗಪ್ಪನು ನಾನಾರ್ಥರತ್ನಮಾಲಾ ಎಂಬ ಕೋಶವನ್ನು ರಚಿಸಿದ್ದು ಇದಕ್ಕಾಗಿಯೇ. 1385ರಲ್ಲಿ ಕುಂಥುನಾಥ ತೀರ್ಥಂಕರರ ಚೈತ್ಯಾಲಯವನ್ನು ಕಟ್ಟಿಸಿದವನೂ ಆತನೇ. ಕಮಲಾಪುರದ ಸಮೀಪ ಗಾಣಗಿತ್ತಿ ಬಸದಿಯೆಂದು ಜನ ಕರೆಯುವ ಕಲ್ಲಿನ ಬಸದಿ ಅದು.

ಮೂರು ಅರ್ಥಗಳಲ್ಲಿ ಮೊದಲನೆಯದಕ್ಕೆ ಆ ಬಸದಿಯ ಸುತ್ತಲಿನ ಬಂಡೆಗಳೇ ನಿದರ್ಶನ. ಹೊಸಪೇಟೆಯಿಂದ ಹಂಪಿಯತ್ತ ಸಾಗುವವರಿಗೆ ದಾರಿಯ ಇಕ್ಕೆಲದಲ್ಲಿ ಬಂಡೆಯ ಮೇಲೆ ಬಂಡೆ, ಅದರ ಮೇಲೆ ಮತ್ತೊಂದು ದುಂಡುಕಲ್ಲು ಕಾಣುತ್ತದೆ. ಯಾರೋ ಅಳೆದು ತೂಗಿ ಇಟ್ಟಂತಿರುತ್ತದೆ. ವಾಲಿಸುಗ್ರೀವರು ಕಾದಾಡುವಾಗ ಎಸೆದ ಕಲ್ಲುಗಳೆಂದು ಜನ ಕಥೆ ಹೇಳುತ್ತಾರೆ. ಆದರೆ ಅವನ್ನು ಯಾರೂ ಎಸೆಯಲಿಲ್ಲ, ಯಾರೂ ಇಡಲಿಲ್ಲ. ಗ್ರಾನೈಟಿನ ಮಹಾಶಿಲೆಯಲ್ಲಿ ಅಡ್ಡಲಾಗಿಯೂ ಉದ್ದವಾಗಿಯೂ ಸೀಳುಗಳಿದ್ದುವು. ಅವುಗಳಲ್ಲಿ ಇಳಿದ ನೀರು ಕಲ್ಲನ್ನು ಕೊಳೆಯಿಸಿತು. ಚಪ್ಪಟೆಯಾದ ಮೈಗಿಂತ ಮೂಲೆ ಅಂಚುಗಳು ಬೇಗ ಸವೆದುವು. ಸಡಿಲವಾದ ಮಣ್ಣು ತೊಳೆದುಹೋದ ಮೇಲೆ ಗಟ್ಟಿಯಾದ ತಿರುಳು ಇದ್ದಲ್ಲಿಯೇ ದುಂಡಾಗಿ ನಿಂತಿತು. ದುಂಡಗಾಗಿದ್ದರಿಂದ ಕಲ್ಲಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಲ್ಲಿ ಇರುವುದು ಫಲ ಮಾತ್ರ.

ಆ ಬಂಡೆಗಳ ಸಂದುಗಳಲ್ಲಿಯೂ ಹಾಳುಬಿದ್ದ ಗೋಡೆಗಳ ಬಿರುಕುಗಳಲ್ಲಿಯೂ ಆಲ ಅರಳಿಗಳ ಸಸಿಗಳು ಬೇರೂರುತ್ತವೆ. ಹಕ್ಕಿಗಳು ತಿಂದು ಹಾಕಿದ ಬೀಜದಿಂದ ಅವು ಹುಟ್ಟುತ್ತವೆ. ಆಲ, ಅರಳಿ, ಅತ್ತಿ, ಬಸರಿ ಮುಂತಾದವು ಒಂದೇ ಬಳಗದ ಮರಗಳು. ಜೈನರಿಗೆ ಇವು ಪರಿಚಿತವಾಗಿರುವುದು ಇನ್ನೊಂದು ಕಾರಣದಿಂದ. ಮದ್ಯ, ಮಾಂಸ, ಮಧುಗಳ ಜೊತೆಗೆ ಪಂಚ ಉದುಂಬರ ಫಲಗಳನ್ನು ತ್ಯಜಿಸುವುದನ್ನು ಶ್ರಾವಕರ ಅಷ್ಟಮೂಲಗುಣಗಳಲ್ಲಿ ಅಮೃತಚಂದ್ರಾಚಾರ್ಯರು ಎಣಿಸಿದ್ದಾರೆ. ಆ ಹಣ್ಣುಗಳಲ್ಲಿ ತ್ರಸಜೀವಗಳು ತುಂಬಿರುತ್ತವೆಂಬುದೇ ಕಾರಣ. ಅತ್ತಿಯ ಹಣ್ಣನ್ನು ಒಡೆದರೆ ಹುಳು ಕಾಣುವುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ಆ ಹುಳು ಕೊಳೆತ ಹಣ್ಣಿಗೆ ಆಮೇಲೆ ಮುತ್ತಿದ್ದಲ್ಲ. ಅದಿಲ್ಲದೆ ಅತ್ತಿಗೆ ಬೀಜವೇ ಇಲ್ಲ ಎಂಬುದನ್ನು ವಿಜ್ಞಾನ ವಿವರವಾಗಿ ಕಂಡುಕೊಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿ ರೆನೀ ಬೋರ್ಜಸ್ ಅವರೂ ಅವರ ಸಹೋದ್ಯೋಗಿಗಳೂ ಅತ್ತಿಯ ಮರವನ್ನೂ ಅದರ ಕಣಜಗಳನ್ನೂ ಬಹುಕಾಲ ಅಭ್ಯಾಸಮಾಡಿದ್ದಾರೆ.

ಅತ್ತಿಯ ಕಾಯಿ ನಿಜವಾಗಿ ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ನೂರಾರು ಸಣ್ಣ ಹೂಗಳು ಅದರ ಒಳಗೋಡೆಯಲ್ಲಿರುತ್ತವೆ. ತುದಿಯಲ್ಲಿ ಸೂಜಿಮೊನೆಯಂಥ ಒಂದು ಕಿರುಬಾಯಿ. ಕೆಲವೇ ಮಿಲಿಮೀಟರ್ ಉದ್ದದ ಹೆಣ್ಣು ಕಣಜವು ಮತ್ತೊಂದು ಕಾಯಿಯಿಂದ ಪರಾಗವನ್ನು ಹೊತ್ತು ತಂದು ಆ ಬಾಯಿಯಲ್ಲಿ ನುಸುಳುತ್ತದೆ. ನುಸುಳುವಾಗ ಅದರ ರೆಕ್ಕೆಗಳು ಹರಿದುಹೋಗುವುದುಂಟು. ಒಳಗೆ ಕೆಲವು ಹೂಗಳಲ್ಲಿ ಮೊಟ್ಟೆಯಿಡುತ್ತದೆ. ಇನ್ನು ಕೆಲವಕ್ಕೆ ಪರಾಗ ತಗಲಿ ಬೀಜವಾಗುತ್ತದೆ. ಆ ತಾಯಿಕಣಜ ಹೊರಗೆ ಬರುವುದಿಲ್ಲ, ಅಲ್ಲಿಯೇ ಸಾಯುತ್ತದೆ. ವಾರಗಳ ತರುವಾಯ ಮರಿಗಳು ಬೆಳೆದು, ಗಂಡುಗಳು ಮೊದಲು ಹೊರಬಿದ್ದು ಹೆಣ್ಣುಗಳನ್ನು ಕೂಡುತ್ತವೆ, ಗೋಡೆಯನ್ನು ಕೊರೆದು ದಾರಿಮಾಡುತ್ತವೆ. ಹೆಣ್ಣುಗಳು ಪರಾಗವನ್ನು ಹೊತ್ತು ಆ ದಾರಿಯಿಂದ ಹಾರಿ ಬೇರೊಂದು ಕಾಯಿಯನ್ನು ಅರಸುತ್ತವೆ.

ಇಷ್ಟು ಬಿಗಿಯಾದ ಹೊಂದಾಣಿಕೆಯನ್ನು ಕಂಡಾಗ, ಕಣಜಕ್ಕಾಗಿಯೇ ಅತ್ತಿ, ಅತ್ತಿಗಾಗಿಯೇ ಕಣಜ ಎಂದು ಮನಸ್ಸು ತಾನಾಗಿ ಹೇಳುತ್ತದೆ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಗ್ರಂಥ ಇಲ್ಲಿ ಬೇರೆ ವಿವರಣೆಯನ್ನು ಕೊಟ್ಟಿತು. ಒಂದೇ ಜಾತಿಯ ಮರಗಳಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸಗಳಿರುತ್ತವೆ, ಅವು ಸಂತತಿಗೆ ಇಳಿಯುತ್ತವೆ. ಯಾವ ಮರದ ಕಾಯಿಯ ಬಾಯಿ ಪರಾಗ ತರುವ ಕಣಜವನ್ನು ಒಳಬಿಟ್ಟು ಇತರ ಕೀಟಗಳನ್ನು ತಡೆಯಿತೋ ಅದರ ಬೀಜಗಳು ಹೆಚ್ಚಾದುವು. ಮುಂದಿನ ತಲೆಮಾರಿನಲ್ಲಿ ಅಂಥ ಬಾಯಿಯುಳ್ಳ ಮರಗಳು ಹೆಚ್ಚಾದುವು. ಲಕ್ಷಾಂತರ ತಲೆಮಾರುಗಳಲ್ಲಿ ಇದೇ ನಡೆಯಿತು. ಮುಂದಾಗುವುದನ್ನು ನೋಡಿ ಆರಿಸಿದವರು ಯಾರೂ ಇಲ್ಲ. ಆದರೂ ಬಂಡೆಯ ದುಂಡುತನಕ್ಕೂ ಕಾಯಿಯ ಕಿರುಬಾಯಿಗೂ ಭೇದವಿದೆ. ಕಿರುಬಾಯಿ ಇಂದು ಇರುವುದು ಹಿಂದೆ ಅದರಿಂದ ಅನುಕೂಲವಾದುದರಿಂದಲೇ. ಆದುದರಿಂದ ಅದಕ್ಕೆ ಪ್ರಯೋಜನವಿದೆಯೆಂದು ಧಾರಾಳವಾಗಿ ಹೇಳಬಹುದು; ಉದ್ದೇಶವಿದೆಯೆಂದು ಹೇಳಕೂಡದು. ಈ ಭೇದಕ್ಕಾಗಿ ಜೀವವಿಜ್ಞಾನಿ ಕಾಲಿನ್ ಪಿಟೆಂಡ್ರಿ 1958ರಲ್ಲಿ ಟೆಲಿಯಾನಮಿ ಎಂಬ ಹೊಸ ಶಬ್ದವನ್ನೇ ಬಳಕೆಗೆ ತಂದರು. ಗುರಿಯಿದ್ದಂತೆ ತೋರುವ, ಆದರೆ ಯಾರ ಮನಸ್ಸಿನಲ್ಲಿಯೂ ಮೊದಲು ಹೊಳೆದಿರದ ರಚನೆಯೆಂದು ಅದರ ತಾತ್ಪರ್ಯ.

ಅತ್ತಿಯ ಕಾಯಿಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಪರಾಗವನ್ನು ತರದೆ, ಹೊರಗಿನಿಂದಲೇ ಕಾಯಿಗೆ ಸೂಜಿಯಂಥ ಅಂಗವನ್ನು ಚುಚ್ಚಿ ಒಳಗಿನ ಮರಿಗಳ ಬಳಿ ಮೊಟ್ಟೆಯಿಡುವ ಬೇರೆ ಕಣಜಗಳೂ ಇವೆ. ಆ ಮೊಟ್ಟೆಯಿಂದ ಬಂದ ಹುಳು ಒಳಗಿನ ಮರಿಯ ಬದುಕನ್ನು ಕಸಿದುಕೊಂಡು ಬೆಳೆಯುತ್ತದೆ. ಅಂಥದೊಂದು ಕಣಜದ ಸೂಜಿಯ ತುದಿಯಲ್ಲಿ ಸತುವಿನ ಅಂಶ ಸೇರಿ ಗಡುಸಾಗಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ವರದಿಮಾಡಿದರು. ಮರಕ್ಕೆ ನೆರವಾಗುವ ಕಣಜವನ್ನು ರೂಪಿಸಿದ ಆಯ್ಕೆಯೇ ಅದನ್ನು ಕೊಲ್ಲುವ ಕಣಜಕ್ಕೂ ಇಷ್ಟು ಚೊಕ್ಕಟವಾದ ಆಯುಧವನ್ನು ಕೊಟ್ಟಿದೆ. ಇಲ್ಲಿ ಒಂದು ಗುರಿಯನ್ನು ಕಲ್ಪಿಸಿದರೆ ಅದು ಕರುಣೆಯೋ ಕ್ರೌರ್ಯವೋ ಎಂದು ಹೇಳಲು ಬರುವುದಿಲ್ಲ. ಗುರಿಯೇ ಇಲ್ಲವೆಂದರೆ ತೊಡಕು ಬಿಡುತ್ತದೆ. ಜೊತೆಗೆ ಒಂದು ನೀತಿಯೂ ದೊರೆಯುತ್ತದೆ: ಪ್ರಕೃತಿಯಲ್ಲಿ ನಡೆಯುತ್ತದೆ ಎಂಬುದು ಯಾವ ಕಾರ್ಯಕ್ಕೂ ಸಮರ್ಥನೆಯಾಗಲಾರದು. ಅಲ್ಲಿ ದೊಡ್ಡದು ಚಿಕ್ಕದನ್ನು ತಿನ್ನುತ್ತದೆ ಎಂದು ತೋರಿಸಿ ಹಿಂಸೆಯನ್ನು ಒಪ್ಪಿಸಲು ಯತ್ನಿಸುವವರಿಗೆ ಅತ್ತಿಯ ಹಣ್ಣೇ ಉತ್ತರ.

ಸೃಷ್ಟಿಕರ್ತನೊಬ್ಬನು ಪ್ರತಿಯೊಂದನ್ನೂ ಒಂದೊಂದು ಗುರಿಗಾಗಿ ರಚಿಸಿದನೆಂದು ನಂಬಿದ ದೇಶಗಳಲ್ಲಿ ಡಾರ್ವಿನ್ನನ ವಿವರಣೆ ದೊಡ್ಡ ಕ್ಷೋಭೆಯನ್ನೆಬ್ಬಿಸಿತು. ಜೈನದರ್ಶನಕ್ಕೆ ಆ ಕ್ಷೋಭೆಯ ಕಾರಣವಿಲ್ಲ. ಲೋಕವು ಅನಾದಿ, ಅದನ್ನು ಮಾಡಿದವನಿಲ್ಲ ಎಂಬುದು ಅದರ ಮೂಲಸಿದ್ಧಾಂತ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಸೃಷ್ಟಿಕರ್ತೃವಾದವನ್ನು ತರ್ಕದಿಂದ ಖಂಡಿಸಿದ್ದಾರೆ. ಹಾಗೆಂದು ಆಗಮಗಳಲ್ಲಿ ಡಾರ್ವಿನ್ನನನ್ನು ಹುಡುಕುವುದು ಉಭಯರಿಗೂ ಮಾಡುವ ಅನ್ಯಾಯ. ವಿಜ್ಞಾನ ಹೇಳುವುದು ಶರೀರಗಳ ವಂಶಾವಳಿಯನ್ನು. ಒಂದು ಜಾತಿ ಇನ್ನೊಂದರಿಂದ ಕವಲೊಡೆದ ಬಗೆಯನ್ನು. ಆಗಮ ಹೇಳುವುದು ಜೀವದ ಬಂಧಮೋಕ್ಷಗಳನ್ನು. ಎರಡೂ ಎಲ್ಲೆಡೆ ಒಂದಾಗುತ್ತವೆ ಎನ್ನುವುದು ಸತ್ಯವಲ್ಲ. ಯಂತ್ರದ ಹಿಂದೆ ಯಂತ್ರಕಾರನನ್ನು ಕಲ್ಪಿಸದೆಯೇ ಲೋಕದ ವ್ಯವಸ್ಥೆಯನ್ನು ವಿಚಾರಮಾಡಬಹುದೆಂಬ ಧೈರ್ಯವೊಂದು ಮಾತ್ರ ಎರಡಕ್ಕೂ ಸಮಾನ.

ಗೊಂದಲಕ್ಕೆ ವಿಕಾಸವೆಂಬ ಶಬ್ದವೂ ಸ್ವಲ್ಪ ಕಾರಣ. ವಿಕಾಸವೆಂದರೆ ಅರಳುವಿಕೆ. ಮೊಗ್ಗು ಅರಳಿದರೆ ಏನಾಗಬೇಕೆಂಬುದು ಮೊದಲೇ ಗೊತ್ತು. ಆದುದರಿಂದ ಜೀವವಿಕಾಸವೆಂದೊಡನೆ, ಕ್ಷುದ್ರಜಂತುವಿನಿಂದ ಹೊರಟು ಮನುಷ್ಯನಲ್ಲಿ ಅರಳಿ ಮುಗಿದ ಒಂದು ಏರುದಾರಿ ಕಣ್ಣಮುಂದೆ ಬರುತ್ತದೆ. ಅಂಥ ದಾರಿ ಇಲ್ಲ. ಅತ್ತಿಯ ಕಾಯಿಯೊಳಗಿನ ಗಂಡು ಕಣಜಕ್ಕೆ ರೆಕ್ಕೆಗಳಿಲ್ಲ. ರೆಕ್ಕೆಯಿದ್ದ ಪೂರ್ವಜರಿಂದ ಬಂದು ಅದು ರೆಕ್ಕೆಯನ್ನು ಕಳೆದುಕೊಂಡಿತು. 1994ರಲ್ಲಿ ಅಭಯಾರಣ್ಯವಾದ ದರೋಜಿಯ ಕರಡಿಗಳಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಸಂದಿನಿಂದಲೇ ಅವು ಹುತ್ತದ ಗೆದ್ದಲನ್ನು ಹೀರುತ್ತವೆ. ಗಳಿಸುವುದರಂತೆ ಕಳೆಯುವುದೂ ಈ ಪ್ರವಾಹದಲ್ಲಿ ಸಹಜ. ದ್ರವ್ಯಕ್ಕೆ ಪರ್ಯಾಯಗಳು ಬರುತ್ತ ಹೋಗುತ್ತ ಇರುತ್ತವೆಂದು ಕೇಳಿ ಬೆಳೆದವರಿಗೆ ಇದು ವಿಚಿತ್ರವಾಗಿ ತೋರಬೇಕಾದುದಿಲ್ಲ. ಮನುಷ್ಯಗತಿಯನ್ನು ಪಡೆದ ಜೀವವೂ ತಿರ್ಯಂಚಗತಿಗೆ ಇಳಿಯಬಹುದು, ಏರಿಕೆಗೆ ಖಾತರಿಯಿಲ್ಲ ಎಂಬುದನ್ನೂ ಅವರು ಬಲ್ಲರು.

ಸಂಡೂರಿನ ಬೆಟ್ಟಗಳು ಇದೇ ಪಾಠವನ್ನು ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟಿವೆ. ಅಲ್ಲಿನ ಶಿಲಾಪಟ್ಟಿ ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯದು. ಅದರ ಸುಣ್ಣಕಲ್ಲಿನ ಪದರಗಳಲ್ಲಿ ಸ್ಟ್ರೊಮಟೊಲೈಟ್ ಎಂಬ ರಚನೆಗಳು ದೊರೆತಿವೆ. ಸೂಕ್ಷ್ಮಜೀವಿಗಳ ಹಾಸುಗಳು ಪದರಪದರವಾಗಿ ಬೆಳೆದು ಕಲ್ಲಾದ ಗುರುತುಗಳವು. ಅಂದಿನ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಇಂದಿನ ಅದಿರಿನ ಮೂಲವಾದುದರಲ್ಲಿಯೂ ಅಂಥ ಜೀವಿಗಳ ಪಾತ್ರವಿತ್ತೆಂದು ವಿಜ್ಞಾನಿಗಳಲ್ಲಿ ಬಹುಮಂದಿ ಎಣಿಸುತ್ತಾರೆ. ಬಿಸಿಲಿನಿಂದ ಆಹಾರವನ್ನು ಮಾಡಿಕೊಂಡು ಆಮ್ಲಜನಕವನ್ನು ಹೊರಬಿಡುತ್ತಿದ್ದ ಸೂಕ್ಷ್ಮಜೀವಿಗಳಿಂದಾಗಿ, ಸುಮಾರು 240 ಕೋಟಿ ವರ್ಷಗಳ ಹಿಂದೆ ವಾಯುಮಂಡಲದಲ್ಲಿ ಆಮ್ಲಜನಕ ನೆಲೆಗೊಳ್ಳತೊಡಗಿತು. ಇಂದು ಹೊಸಪೇಟೆಯ ಬೀದಿಯಲ್ಲಿ ಉಸಿರಾಡುವ ಪ್ರತಿಯೊಬ್ಬನೂ ಆ ಪರಂಪರೆಗೆ ಋಣಿ. ಆದರೆ ಆ ಹಾಸುಗಳು ಮನುಷ್ಯನ ಉಸಿರಿಗಾಗಿ ಬಾಳಿದುವೆ? ಅವನ ಕುಲುಮೆಗಾಗಿ ಕಬ್ಬಿಣ ತಳಕ್ಕಿಳಿಯಿತೆ? ಹಾಗೆ ಭಾವಿಸುವುದು ಅಹಂಕಾರ. ಬೆಟ್ಟವಿರುವುದು ತನಗಾಗಿ ಎಂಬ ಆ ಭಾವನೆಯ ಫಲವನ್ನು ಸಂಡೂರು ಕಣ್ಣಾರೆ ಕಂಡಿದೆ. ಮಿತಿಮೀರಿದ ಅಗೆತವನ್ನು 2011ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆಯಬೇಕಾಯಿತು. ಮುಂದೆ ಅನುಮತಿ ಕೊಟ್ಟಾಗಲೂ ವರ್ಷಕ್ಕೆ ಇಷ್ಟೇ ಎಂದು ಮಿತಿ ಹಾಕಬೇಕಾಯಿತು. ಪರಿಗ್ರಹಪರಿಮಾಣ ವ್ರತವು ಒಳಗಿನಿಂದ ಹಾಕಿಕೊಳ್ಳಲು ಹೇಳುವ ಮಿತಿಯನ್ನು ಅಲ್ಲಿ ಹೊರಗಿನ ಆಜ್ಞೆ ವಿಧಿಸಿತು.

ಹಾಗಾದರೆ ಜೀವಲೋಕದಲ್ಲಿ ಉದ್ದೇಶವೇ ಇಲ್ಲವೆ? ಇದೆ. ಆದರೆ ಅದು ವಿಕಾಸದ ಪ್ರವಾಹದಲ್ಲಿಲ್ಲ, ಬಿಡಿಬಿಡಿ ಜೀವಿಗಳಲ್ಲಿದೆ. ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿಯೂ ಇಲ್ಲ. ತುಂಗಭದ್ರಾ ಜಲಾಶಯದ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಒಂದು ಕುಟುಂಬದ ನೀರುನಾಯಿಗಳು ಕೂಡಿ ಮೀನನ್ನು ಅಟ್ಟುವಾಗ, ದೊಡ್ಡವು ಮರಿಗಳನ್ನು ಕರೆದುಕೊಂಡು ತಿರುಗುವಾಗ, ಅಲ್ಲಿ ಬೇಕು ಬೇಡಗಳಿಲ್ಲ, ಮುಂದಿನ ಗಳಿಗೆಯ ಅರಿವಿಲ್ಲ ಎಂದು ಹೇಳಲು ಸಾಧ್ಯವಿಲ್ಲ. ಮರಿಗಳನ್ನು ಬೆನ್ನಮೇಲೆ ಹೊತ್ತು ನಡೆಯುವ ತಾಯಿಕರಡಿಯ ವಿಷಯದಲ್ಲಿಯೂ ಹಾಗೆಯೇ. ಆಹಾರ, ಭಯ, ಮೈಥುನ, ಪರಿಗ್ರಹಗಳೆಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಗಳಲ್ಲಿ ಸಾಮಾನ್ಯವಾಗಿ ಇವೆಯೆಂದೂ, ಅವುಗಳಲ್ಲಿ ಹಿತಾಹಿತಗಳನ್ನು ವಿಚಾರಿಸುವ ಮನಸ್ಸುಳ್ಳವು ಕೆಲವು ಮಾತ್ರವೆಂದೂ ಆಚಾರ್ಯರು ವಿಭಾಗಿಸಿದ್ದಾರೆ. ಮನಸ್ಸುಳ್ಳದ್ದು ಸಂಜ್ಞಿ, ಇಲ್ಲದ್ದು ಅಸಂಜ್ಞಿ. ಮರವೂ ಕಣಜವೂ ಸಂಜ್ಞೆಯ ಒತ್ತಡದಲ್ಲಿ ನಡೆಯುತ್ತವೆ. ಮನುಷ್ಯನಾದರೋ ಆ ಒತ್ತಡವನ್ನು ಒತ್ತಡವೆಂದು ತಿಳಿದು, ಅದಕ್ಕೆ ಎದುರಾಗಿ ಮತ್ತೊಂದನ್ನು ಸಂಕಲ್ಪಿಸಿ, ಆ ಸಂಕಲ್ಪದಲ್ಲಿ ಒಂದು ದಿನವಾದರೂ ನಿಲ್ಲಬಲ್ಲನು. ಉದ್ದೇಶವೆಂಬ ಮಾತು ತನ್ನ ಪೂರ್ಣಾರ್ಥವನ್ನು ಪಡೆಯುವುದು ಅಲ್ಲಿ.

ಈಗ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಬಹುದು. ಪ್ರಕೃತಿಗೆ ಗುರಿಯಿದ್ದರೆ ತಾನೆ ಅದಕ್ಕೆ ವಿರೋಧವೆಂಬುದಿರುವುದು? ಹಸಿವಿಗೆ ಪ್ರಯೋಜನವಿದೆ, ಅದು ದೇಹವನ್ನು ಕಾಯುತ್ತದೆ. ಆದರೆ ಪ್ರಯೋಜನ ಆಜ್ಞೆಯಲ್ಲ. ಇದೇ ಕಾರಣದಿಂದ ಉಪವಾಸದ ಪರವಾಗಿ ಹೇಳುವ ಒಂದು ಮಾತನ್ನೂ ಕೈಬಿಡಬೇಕಾಗುತ್ತದೆ. ಬೇಸಿಗೆಯಲ್ಲಿ ಕಪ್ಪೆಗಳು ಕೆರೆಯ ಮಣ್ಣಿನಡಿ ತಿಂಗಳುಗಟ್ಟಲೆ ಆಹಾರವಿಲ್ಲದೆ ಇರುತ್ತವೆ, ಆದುದರಿಂದ ಉಪವಾಸ ಪ್ರಕೃತಿಸಹಜ ಎಂದು ಕೆಲವರು ವಾದಿಸುತ್ತಾರೆ. ಕಪ್ಪೆಯದು ಉಪವಾಸವಲ್ಲ, ಆಹಾರದ ಅಭಾವ. ಅಲ್ಲಿ ತ್ಯಜಿಸಿದವರೂ ಇಲ್ಲ, ತ್ಯಾಗವೂ ಇಲ್ಲ. ಪ್ರಕೃತಿ ವ್ರತವನ್ನು ಖಂಡಿಸುವುದಿಲ್ಲವೆಂದು ಒಪ್ಪಿದವರು, ಅದು ವ್ರತವನ್ನು ಸಮರ್ಥಿಸುವುದೂ ಇಲ್ಲವೆಂದು ಒಪ್ಪಬೇಕು.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ. ಮನಸ್ಸನ್ನು ಹೊತ್ತ ಈ ಶರೀರವೂ ಗುರಿಯಿಲ್ಲದ ಪ್ರವಾಹದಿಂದಲೇ ರೂಪುಗೊಂಡಿದ್ದರೆ, ಅದರ ಮೂಲಕ ಮಾಡಿದ ಸಂಕಲ್ಪಕ್ಕೆ ಏನು ಬೆಲೆ? ಉಪವಾಸದ ದಿನ ದೇಹದಲ್ಲಿ ನಡೆಯುವುದನ್ನು ನೋಡಿದರೆ ಉತ್ತರ ಸಿಗುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸುಮಾರು ಒಂದು ದಿನದಲ್ಲಿ ತೀರುತ್ತದೆ. ಆಮೇಲೆ ದೇಹ ಕೊಬ್ಬನ್ನು ಕರಗಿಸಿ, ಅದರಿಂದ ಮಿದುಳಿಗೂ ಒದಗುವ ಇಂಧನವನ್ನು ಮಾಡಿಕೊಳ್ಳುತ್ತದೆ. ಈ ಏರ್ಪಾಡು ವ್ರತಿಗಳಿಗಾಗಿ ಆದದ್ದಲ್ಲ. ಅನ್ನ ಸಿಗದ ದಿನಗಳನ್ನು ದಾಟಿ ಬದುಕಿದ ಅಸಂಖ್ಯ ಪೂರ್ವಜೀವಿಗಳ ಬಳುವಳಿ ಅದು. ಬಳ್ಳಾರಿ ಸೀಮೆಯ ಜನರಿಗೆ ಬರವೆಂದರೇನೆಂದು ಹೇಳಿಕೊಡಬೇಕಾಗಿಲ್ಲ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಅತಿಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಂದು ಹಸಿದವರ ದೇಹಗಳಲ್ಲಿ ನಡೆದ ಕ್ರಿಯೆಯೇ ಇಂದು ಅನಂತಚತುರ್ದಶಿಯ ಉಪವಾಸದಲ್ಲಿಯೂ ಮೊದಲಾಗುತ್ತದೆ. ದೇಹದ ಮಟ್ಟಿಗೆ ಅದು ಬೇರೆ, ಇದು ಬೇರೆ ಎಂಬುದಿಲ್ಲ. ಬೇರೆಯಾಗಿರುವುದು ಸಂಕಲ್ಪ. ಒಂದು ಸಾಮರ್ಥ್ಯ ಹೇಗೆ ಬಂದಿತೆಂಬುದು, ಅದರಿಂದ ಏನು ಮಾಡಬೇಕೆಂಬುದನ್ನು ನಿರ್ಣಯಿಸಲಾರದು.

ಈ ವಿವೇಕದಿಂದ ವ್ರತಿಗೆ ಮೂರು ಹೊಣೆಗಳು ಹುಟ್ಟುತ್ತವೆ. ಮೊದಲನೆಯದಾಗಿ, ಹಸಿವನ್ನು ಸಹಿಸುವುದೇ ಗುರಿಯಲ್ಲ. ಸಹಿಸುವಿಕೆ ದೇಹದ ಬಳುವಳಿ; ಅದಕ್ಕಾಗಿ ಹೆಮ್ಮೆಪಡಲು ಕಾರಣವಿಲ್ಲ. ಎಷ್ಟು ದಿನ ಉಂಡಿಲ್ಲವೆಂದು ಲೆಕ್ಕ ಹೇಳುವುದಕ್ಕಿಂತ, ಆ ದಿನಗಳಲ್ಲಿ ಕಷಾಯಗಳೆಷ್ಟು ಮಂದವಾದುವೆಂದು ನೋಡಿಕೊಳ್ಳುವುದು ಮೇಲು. ಎರಡನೆಯದಾಗಿ, ದೇಹದ ಮಿತಿಯನ್ನು ಅರಿಯಬೇಕು. ಷೋಡಶಭಾವನೆಗಳಲ್ಲಿ ತಪಸ್ಸು ಶಕ್ತಿಗೆ ತಕ್ಕಂತೆ ಇರಬೇಕೆಂದೇ ಎಣಿಸಿದೆ. ರೋಗಿಗಳು, ಬಸುರಿಯರು, ಎಳೆಯ ಮಕ್ಕಳು ಇತರರನ್ನು ನೋಡಿ ದೇಹವನ್ನು ದಂಡಿಸಿಕೊಳ್ಳುವುದು ಸಂಕಲ್ಪವಾಗದು, ಅನುಕರಣವಾಗುತ್ತದೆ. ಮೂರನೆಯದಾಗಿ, ಇಚ್ಛೆಯಿಲ್ಲದೆ ಹಸಿದವನ ಹಸಿವನ್ನು ಉಪವಾಸವೆಂದು ಎಂದಿಗೂ ಭ್ರಮಿಸಕೂಡದು. ತನ್ನ ಊಟವನ್ನು ಬಿಟ್ಟವನಿಗೆ ಅನ್ಯರ ಊಟದ ಚಿಂತೆ ಹೆಚ್ಚಬೇಕು. ಚತುರ್ವಿಧ ದಾನಗಳಲ್ಲಿ ಆಹಾರದಾನವೂ ಇರುವುದನ್ನು ಪಾರಣೆಯ ದಿನ ನೆನೆಯುವುದು ಉಚಿತ.

ಕುಂಥು ಎಂಬುದು ತೀರ್ಥಂಕರರ ನಾಮದಲ್ಲಿ ಬರುವಂತೆ, ಜೈನಗ್ರಂಥಗಳಲ್ಲಿ ಅತಿ ಸೂಕ್ಷ್ಮವಾದ ಒಂದು ಜಂತುವಿನ ಹೆಸರೂ ಹೌದು. ಆನೆಯ ಜೀವವೂ ಕುಂಥುವಿನ ಜೀವವೂ ಜೀವತ್ವದಲ್ಲಿ ಸಮಾನ, ಭೇದವಿರುವುದು ಶರೀರದಲ್ಲಿ ಎಂದು ಹಿರಿಯರು ದೃಷ್ಟಾಂತ ಕೊಡುತ್ತಾರೆ. ಉಪಯೋಗವೆಂಬ ಶಬ್ದಕ್ಕೂ ಹೀಗೆಯೇ ಎರಡು ಅರ್ಥಗಳಿವೆ. ಪೇಟೆಯಲ್ಲಿ ಉಪಯೋಗವೆಂದರೆ ಇನ್ನೊಬ್ಬರಿಗೆ ಆಗುವ ಪ್ರಯೋಜನ. ತತ್ತ್ವಾರ್ಥಸೂತ್ರದಲ್ಲಿ ಜೀವದ ಲಕ್ಷಣವಾಗಿ ಹೇಳಿರುವ ಉಪಯೋಗವೆಂದರೆ ಚೈತನ್ಯದ ವ್ಯಾಪಾರ, ಅರಿಯುವಿಕೆ. ಅತ್ತಿಯ ಕಣಜ ಮರಕ್ಕೆ ಪ್ರಯೋಜನಕರವೆಂಬುದು ನಿಜವೇ. ಆದರೆ ಶ್ರಾವಕನು ಆ ಹಣ್ಣನ್ನು ಬಿಟ್ಟದ್ದು ಆ ಪ್ರಯೋಜನಕ್ಕಾಗಿ ಅಲ್ಲ. ಒಳಗಿರುವುದೂ ಒಂದು ಜೀವ, ಅದು ಇರುವುದು ಮರಕ್ಕಾಗಿಯೂ ಅಲ್ಲ, ಮನುಷ್ಯನಿಗಾಗಿಯೂ ಅಲ್ಲ ಎಂದು ತಿಳಿದು ಬಿಟ್ಟನು. ಯಾವ ಮರವೂ, ಯಾವ ಕಣಜವೂ, ಕೋಟಿ ವರ್ಷಗಳ ವಿಕಾಸವೂ ಇಂಥದೊಂದು ಬಿಡುವಿಕೆಯನ್ನು ಉದ್ದೇಶಿಸಿರಲಿಲ್ಲ. ಅದನ್ನು ಉದ್ದೇಶಿಸುವ ಶಕ್ತಿ ಮನಸ್ಸುಳ್ಳವರಿಗೆ ದೊರೆತಿದೆ. ದೊರೆತವರು ಬಳಸದಿದ್ದರೆ ಅವರ ಪರವಾಗಿ ಪ್ರಕೃತಿ ಅದನ್ನು ನೆರವೇರಿಸಿಕೊಡುವುದಿಲ್ಲ.